ಬೀಜದ ಸೌತೆ

ನಮ್ಮ ತೋಟದ ಒಳ್ಳೆಯ ತರಕಾರಿ ತಿಂದವರು ನಾವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಒಮಾನಿನ ಇಬ್ರಿಯ ತೋಟದ ಮನೆಯಲ್ಲಿ ಬೆಳೆದವಳು ಎಂದು ಗೊತ್ತಾದ ಕೂಡಲೇ ಮಸ್ಕತ್ತಿನ ನನ್ನ ಗೆಳತಿಯರು ಕಣ್ಣರಳಿಸಿ, "ಎಂಥ ಪುಣ್ಯ ಮಾರಾಯ್ತಿ, ವಿಷ ಇಲ್ಲದ ತರಕಾರಿ ತಿಂದು ಬೆಳೆದದ್ದಲ್ವಾ ನೀನು!" ಎನ್ನುತ್ತಾರೆ. ವಿಷ ಇರಲಿಲ್ಲ, ನಿಜ. ಆದರೆ ನಾನು ತಿಂದದ್ದು ತೂತು ಬಿದ್ದ ಹರಿವೆ, ಬಲಿತು ನಾರಾದ ಬೆಂಡೆ, ಒಂದು ಬದಿ ಹುಳ ಉಂಡು ಇನ್ನೊಂದು ಬದಿ ನಮಗೆ ಬಿಟ್ಟ ಬದನೆ. ಎಳೆಯ ಬಸಳೆಯ ಕುಡಿ ಹೇಗಿರುತ್ತದೆಂದು ಕೈಗೆ ಗೊತ್ತಿತ್ತು, ಕೊಯ್ದು ಕಟ್ಟು ಕಟ್ಟುತ್ತಿದ್ದವಳು ನಾನೇ ತಾನೇ, ನಾಲಿಗೆಗೆ ಗೊತ್ತಿರಲಿಲ್ಲ. ಕುಡಿ ಊರವರಿಗೆ, ದಂಟು ನಮಗೆ. ಈ ವ್ಯವಸ್ಥೆಗೆ ಅಪ್ಪ ಸೇವೆ ಎಂದು ಹೆಸರಿಟ್ಟಿದ್ದರು. ಅಮ್ಮ ಇಟ್ಟ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಪ್ಪ ಇಬ್ರಿಗೆ ಬಂದದ್ದು ಒಂದು ಕಂಟ್ರಾಕ್ಟಿಂಗ್ ಕಂಪೆನಿಯ ಗುಮಾಸ್ತರಾಗಿ. ಕಂಪೆನಿ ಮುಚ್ಚಿದಾಗ ಜೊತೆಯವರೆಲ್ಲ ಮಂಗಳೂರಿಗೆ ವಿಮಾನ ಹತ್ತಿದರೆ ಇವರು ಪೇಟೆಯ ಹೊರಗೆ ಒಬ್ಬ ಮುದುಕನ ಖರ್ಜೂರದ ತೋಟ ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡರು. ಆ ಮುದುಕನೇ ನಮ್ಮ ವೀಸಾಕ್ಕೆ ಹೊಣೆ ನಿಲ್ಲುವ ಕಫೀಲ್ ಆದ. ನಾವು ಅವನನ್ನು ಅರ್ಬಾಬ್, ಅಂದರೆ ಧಣಿ, ಎಂದೇ ಕರೆಯುತ್ತಿದ್ದೆವು. ಖರ್ಜೂರ ಅವನದ್ದು, ಮರಗಳ ನೆರಳಿನಲ್ಲಿ ನಾವು ಏನು ಬೆಳೆದರೂ ನಮ್ಮದು. ಅವನು ರಸ್ತೆಬದಿಯ ಹೊಸ ಸಿಮೆಂಟಿನ ಮನೆಗೆ ಹೋದ ಮೇಲೆ ತೋಟದ ನಡುವಿನ ಹಳೆಯ ಮಣ್ಣಿನ ಮನೆ ನಮ್ಮದಾಯಿತು. ಅದರಲ್ಲಿ ಇದ್ದದ್ದು ಮೂರು ಕೋಣೆ. ಎದುರಿನದು ಎಲ್ಲಕ್ಕಿಂತ ದೊಡ್ಡದು, ಗಾಳಿ ಬರುವಂಥದ್ದು, ಅದಕ್ಕೆ ಕೆಂಪು ಜಮಖಾನೆ ಹಾಸಿ ಬಂದವರಿಗೆಂದು ಇಟ್ಟಿದ್ದರು. ನಾವು ಅಲ್ಲಿ ಮಲಗುವಂತಿರಲಿಲ್ಲ, ಜಮಖಾನೆಗೆ ಮಣ್ಣಾಗುತ್ತದಂತೆ. ನಡುವಿನ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು, ನನ್ನ ತಮ್ಮ ಹರೀಶ ಒಬ್ಬರ ಕಾಲಿಗೆ ಒಬ್ಬರ ತಲೆ ತಾಗಿಸಿಕೊಂಡು ಮಲಗುತ್ತಿದ್ದೆವು. ಹಿಂದಿನದು ಕಿಟಕಿಯೇ ಇಲ್ಲದ ಕತ್ತಲೆ ಕೋಣೆ. ಅರ್ಬಾಬನ ಹಿರಿಯರು ಖರ್ಜೂರದ ಮೂಟೆ ಪೇರಿಸುತ್ತಿದ್ದ ಜಾಗ ಅದು. ಮೂಟೆಯಿಂದ ಇಳಿದ ಪಾಕ ಹರಿದುಹೋಗಲೆಂದು ನೆಲದಲ್ಲಿ ಉದ್ದುದ್ದ ಕಾಲುವೆಗಳಿದ್ದವು. ಹೊರಗೆ ಬೆಂಕಿ ಸುರಿಯುವಾಗಲೂ ಅಲ್ಲಿ ತಂಪು. ಆ ಕೋಣೆ ಅಮ್ಮನದು.

ಅಪ್ಪನ ಊರಿನ ಮನೆಯಲ್ಲಿ ಒಂದು ಕಟ್ಟಳೆ ಇತ್ತಂತೆ. ಹೊಸ ಬೆಳೆ ಬಂದರೆ ಮೊದಲ ಕೊಯ್ಲು ಮನೆಯ ದೈವಕ್ಕೆ, ಆಮೇಲೆ ನೆರೆಕರೆಯವರಿಗೆ, ಕೊನೆಗೆ ಮನೆಯವರ ಬಾಳೆಲೆಗೆ. ಒಳ್ಳೆಯ ಕಟ್ಟಳೆಯೇ, ಬೇಡವೆನ್ನುವವಳು ನಾನಲ್ಲ. ಇಬ್ರಿಯಲ್ಲಿ ದೈವದ ಕಟ್ಟೆ ಎಲ್ಲಿಂದ ತರುವುದು? ಅಪ್ಪ ಆ ಜಾಗದಲ್ಲಿ ನಮ್ಮವರನ್ನು ಕೂರಿಸಿದರು. ನಮ್ಮವರು ಅಂದರೆ ಇಬ್ರಿ, ಬುರೈಮಿ, ಮಸ್ಕತ್ತುಗಳಲ್ಲಿ ಕೆಲಸಕ್ಕಿದ್ದ ಕರಾವಳಿಯವರು, ತುಳುವೋ ಕೊಂಕಣಿಯೋ ಬ್ಯಾರಿಯೋ ಯಾವುದಾದರೂ ಒಂದರಲ್ಲಿ ಬೈಯಬಲ್ಲವರು. "ಮೊದಲ ಕೊಯ್ಲು ಮನೆಗಲ್ಲ" ಎಂದು ಅಪ್ಪ ಹೇಳಿದರೆ ಅದು ಶಾಸನ. ಎರಡನೆಯ ಕೊಯ್ಲೂ ಮನೆಗಲ್ಲ, ಮೂರನೆಯದೂ ಅಲ್ಲ ಎಂದು ನಮಗೆ ಆಮೇಲೆ ಗೊತ್ತಾಯಿತು.

"ದೈವಕ್ಕಾದ್ರೆ ವರ್ಷಕ್ಕೊಮ್ಮೆ ಇಟ್ರೆ ಸಾಕು. ಈ ದೈವಗಳಿಗೆ ವಾರ ವಾರ ಆಗ್ಬೇಕು, ಅದೂ ಕಾರಲ್ಲಿ ಬರ್ತಾವೆ" ಎನ್ನುತ್ತಿದ್ದಳು ಅಮ್ಮ.

"ನಾಲ್ಕು ಜನ ನಮ್ಮ ಮನೆಗೆ ಬರುದು ನಿನಗೆ ಆಗುದಿಲ್ಲ, ಅಷ್ಟೇ" ಎನ್ನುತ್ತಿದ್ದರು ಅಪ್ಪ.

"ಬರ್ಲಿ ಮಾರಾಯ್ರೆ. ಬಂದವರಲ್ಲಿ ಒಬ್ರಾದ್ರೂ ಉಂಡ ತಟ್ಟೆ ಎತ್ತಿದ್ದುಂಟಾ?"

ಅಪ್ಪ ಅಮ್ಮನ ಜಗಳ ತುಳುವಿನಲ್ಲಿ ಶುರುವಾಗಿ, ನಮಗೂ ಚೆನ್ನಾಗಿ ಅರ್ಥವಾಗಲೆಂದೋ ಏನೋ, ಕನ್ನಡದಲ್ಲಿ ಮುಗಿಯುತ್ತಿತ್ತು. ಮುಗಿಸುವವರು ಯಾವಾಗಲೂ ಅಪ್ಪ.

ಶುಕ್ರವಾರ ಬಂತೆಂದರೆ ಉಳಿದ ಮಕ್ಕಳಿಗೆ ರಜೆ, ನಮಗೆ ಬೆಳಕು ಹರಿಯುವ ಮೊದಲೇ ಕೊಯ್ಲು. ಅಮ್ಮ ಒಲೆಯ ಮುಂದೆ, ನಾನು ತೊಂಡೆಯ ಚಪ್ಪರದ ಕೆಳಗೆ, ಹರೀಶ ಅಲಸಂಡೆಯ ಸಾಲಿನಲ್ಲಿ. ಬಿಸಿಲೇರುವ ಹೊತ್ತಿಗೆ ಕಾರುಗಳು ಬಂದು ಖರ್ಜೂರದ ನೆರಳಿನಲ್ಲಿ ನಿಲ್ಲುತ್ತಿದ್ದವು. ಗಂಡಸರು ಜಮಖಾನೆಯ ಮೇಲೆ ಕಾಲು ಚಾಚಿ ಕಂಪೆನಿಯ ಮ್ಯಾನೇಜರನನ್ನು ಬೈಯುತ್ತಿದ್ದರು. ಹೆಂಗಸರು ಸೊಪ್ಪಿನ ಕಟ್ಟುಗಳನ್ನು ತಿರುವಿ ತಿರುವಿ ನೋಡಿ, "ಇದು ಸ್ವಲ್ಪ ಬಾಡಿದೆ ಅಲ್ವಾ ಅಕ್ಕಾ? ಬೇರೆ ಕೊಡಿ" ಎನ್ನುತ್ತಿದ್ದರು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಸಳೆ, ತೊಂಡೆಕಾಯಿ ಪಲ್ಯ, ಸೌತೆಕಾಯಿ ಕೊದ್ದೆಲು, ಅಂದರೆ ಬೆಳ್ಳುಳ್ಳಿ ಒಗ್ಗರಣೆಯ ಹುಳಿ. ಕೊದ್ದೆಲು ಬಡಿಸಿದ ಮೇಲೆ ಜಮಖಾನೆಯ ಮೇಲೆ ಮಾತೇ ನಿಲ್ಲುತ್ತಿತ್ತು. ಮಸ್ಕತ್ತಿನ ನಮ್ಮ ಸಂಘದ ಮುಂದಾಳು ಸುಧಾಕರ ಮಾಮ ತೇಗಿ, ಬೆರಳು ನೆಕ್ಕಿ, "ಶೀನಣ್ಣ, ಇದು ಊರಿನ ರುಚಿ! ಕಣ್ಣು ಮುಚ್ಚಿ ತಿಂದ್ರೆ ಅಮ್ಮನ ಅಡುಗೆಮನೆಯಲ್ಲೇ ಕೂತ ಹಾಗೆ" ಎನ್ನುತ್ತಿದ್ದರು. ಅಪ್ಪನ ಮುಖ ಆಗ ನೋಡಬೇಕಿತ್ತು. ನಮ್ಮಲ್ಲಿ ಯಾರು ಎಷ್ಟು ದುಡಿದರೂ, ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆದರೂ ಆ ಮುಖ ನಮಗೆ ಕಾಣಸಿಗುತ್ತಿರಲಿಲ್ಲ. ಕಾರುಗಳು ಹೋದ ಮೇಲೆ ಪಾತ್ರೆಯ ತಳ ಕೆರೆದು ನಾವು ಮೂವರು ಉಣ್ಣುತ್ತಿದ್ದೆವು, ಅಪ್ಪನ ಊಟ ಆ ಹೊತ್ತಿಗೆ ಅವರೊಟ್ಟಿಗೇ ಆಗಿರುತ್ತಿತ್ತು.

ಆ ಸೌತೆಯ ವಿಷಯ ಹೇಳಬೇಕು. ಅದರ ಬೀಜ ಅಮ್ಮನದು. ಮದುವೆಯಾಗಿ ಒಮಾನಿಗೆ ಬರುವಾಗ ಅಜ್ಜಿ ಸೀರೆಯ ಸೆರಗಿಗೆ ಗಂಟು ಹಾಕಿ ಕಳಿಸಿದ್ದಂತೆ. ಮಂಗಳೂರು ಸೌತೆಯೆಂದು ಅಂಗಡಿಯಲ್ಲಿ ಸಿಗುವ ದಪ್ಪ ಹಳದಿ ಕಾಯಿ ಅಲ್ಲ ಅದು. ಗಾತ್ರದಲ್ಲಿ ಚಿಕ್ಕದು, ಸಿಪ್ಪೆ ದಪ್ಪ, ಕಡುಹಸಿರಿನ ಮೇಲೆ ಮಾಸಲು ಹಳದಿ ಗೆರೆ. ಕೊಯ್ದರೆ ಪರಿಮಳ ಅಂಗಳದವರೆಗೆ ಬರುತ್ತಿತ್ತು. ಎಷ್ಟು ಕುದಿಸಿದರೂ ಹೋಳು ಕರಗುತ್ತಿರಲಿಲ್ಲ, ಒಂದು ಸಣ್ಣ ಹುಳಿ ಅದರೊಳಗೇ ಇರುತ್ತಿತ್ತು. ಅಜ್ಜಿ ಹೋದ ಮೇಲೆ ತವರಿನಲ್ಲಿ ಅದನ್ನು ಬಿತ್ತುವವರಿರಲಿಲ್ಲ. ಮಾವಂದಿರು ಹಿತ್ತಿಲು ಪಾಲು ಮಾಡಿ ಸೈಟು ಮಾಡಿ ಕೊಟ್ಟುಬಿಟ್ಟರು. ಹಾಗಾಗಿ ಆ ಬೀಜ ಲೋಕದಲ್ಲಿ ಉಳಿದದ್ದಿದ್ದರೆ ಇಬ್ರಿಯ ನಮ್ಮ ಕತ್ತಲೆ ಕೋಣೆಯಲ್ಲಿ.

ಊರಿನಲ್ಲಾದರೆ ಬೀಜವನ್ನು ಬೂದಿಯಲ್ಲಿ ಕಲಸಿ ಒಣಗಿಸಿ ಗೋಡೆಗೆ ಬಡಿದಿಡುವುದು. ಇಲ್ಲಿಯ ಮೊದಲ ಬೇಸಿಗೆಯಲ್ಲಿ ಅಮ್ಮ ಹಾಗೇ ಮಾಡಿದಳಂತೆ. ಒಮಾನಿನ ಸೆಕೆಗೆ ಬೀಜ ಗೋಡೆಯ ಮೇಲೆಯೇ ಹುರಿದುಹೋಗಿ, ಬಿತ್ತಿದಾಗ ಎಲ್ಲೋ ನಾಲ್ಕು ಗಿಡ ಎದ್ದವು. ಆಮೇಲಿನಿಂದ ಅವಳು ಬೀಜವನ್ನು ಕಾಯಿಯಿಂದ ಹೊರಗೆ ತೆಗೆಯುವುದನ್ನೇ ಬಿಟ್ಟಳು. ಬಳ್ಳಿಯಲ್ಲಿ ಚೆನ್ನಾಗಿ ಬಲಿತ ಕಾಯಿಗಳನ್ನು ಆರಿಸಿ, ನೆನೆಸಿದ ಖರ್ಜೂರದ ಗರಿ ಹೊಸೆದು ಕುಣಿಕೆ ಮಾಡಿ, ಕತ್ತಲೆ ಕೋಣೆಯ ಜಂತಿಗೆ ಒಂದಕ್ಕೊಂದು ತಾಗದ ಹಾಗೆ ತೂಗಿಸುತ್ತಿದ್ದಳು. ಬೇಸಿಗೆಯಿಡೀ ಅವು ಅಲ್ಲಿ ತೂಗುತ್ತಿದ್ದವು. ದಿನಾ ಬೆಳಿಗ್ಗೆ ಹೋಗಿ ಒಂದೊಂದರ ಬುಡ ಒತ್ತಿ ನೋಡುತ್ತಿದ್ದಳು, ಮೆತ್ತಗಾದದ್ದನ್ನು ತೆಗೆಯುತ್ತಿದ್ದಳು. ಸೆಕೆ ಇಳಿದು ಬಿತ್ತುವ ದಿನ ಬಂದಾಗಲೇ ಕಾಯಿ ಸೀಳುವುದು, ಹಸಿ ಬೀಜ ನೇರ ಮಣ್ಣಿಗೆ. ಅವುಗಳಿಗೆ ಬೀಜದ ಸೌತೆ ಎಂದು ಹೆಸರು. ನಾವು ಮಕ್ಕಳು ಅವುಗಳ ಕೆಳಗೆ ಓಡಿದರೂ ಬೆನ್ನಿಗೆ ಬೀಳುತ್ತಿತ್ತು. ಹಸಿವಾದಾಗ ಮನೆಯಲ್ಲಿ ಬೇಳೆ ಸಾರು ಬಿಟ್ಟು ಏನೂ ಇಲ್ಲದ ದಿನಗಳಲ್ಲೂ ಅಮ್ಮ ಅವನ್ನು ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಶಾಸನ ನಡೆಯದ ಜಾಗ ಅದೊಂದೇ.

ಒಂದು ವರ್ಷ ಮಸ್ಕತ್ತಿನಲ್ಲಿ ನಮ್ಮವರ ಚೌತಿ ಪೂಜೆಗೆ ಅಪ್ಪನಿಗೆ ಸನ್ಮಾನವೆಂದು ಹೇಳಿಕಳಿಸಿದರು. ಸುಧಾಕರ ಮಾಮನೇ ಫೋನ್ ಮಾಡಿದ್ದು, ಇಬ್ರಿ ಪೇಟೆಯ ಇಸ್ಮಾಯಿಲ್ ಬ್ಯಾರಿಯ ಅಂಗಡಿಗೆ. ಅಪ್ಪ ಅಲ್ಲಿಂದ ಬರುವಾಗ ನಡಿಗೆಯೇ ಬೇರೆಯಾಗಿತ್ತು. ಚೌತಿ ಬರುವುದು ಬೇಸಿಗೆಯ ಬಾಲದಲ್ಲಿ. ತೋಟದಲ್ಲಿ ಆಗ ಒಂದು ಹಸಿರು ಎಲೆ ಇರುವುದಿಲ್ಲ, ಆಡುಗಳಿಗೆ ಹಾಕುವ ಹುಲ್ಲು ಬಿಟ್ಟರೆ. ಅಪ್ಪ ಎರಡು ದಿನ ತೋಟದಲ್ಲಿ ಸುತ್ತಿದರು. ಹೊರಡುವ ಹಿಂದಿನ ಸಂಜೆ ಕತ್ತಲೆ ಕೋಣೆಗೆ ಹೋಗಿ, ಮೇಲೆ ನೋಡಿ, ಅಲ್ಲಿಂದಲೇ ಅಮ್ಮನನ್ನು ಕರೆದರು.

"ಸನ್ಮಾನಕ್ಕೆ ಬರಿಗೈಯಲ್ಲಿ ಹೋಗುದು ಹೇಗೆ? ತೋಟದವ ಅಂತ ಶಾಲು ಹಾಕುವಾಗ ತೋಟದ್ದು ಒಂದಾದ್ರೂ ಕೈಯಲ್ಲಿ ಬೇಡ್ವಾ?"

"ಖರ್ಜೂರ ಉಂಟಲ್ಲ, ಅರ್ಬಾಬನನ್ನು ಕೇಳಿ ತಗೊಂಡು ಹೋಗಿ" ಎಂದಳು ಅಮ್ಮ.

"ಖರ್ಜೂರ ಮಸ್ಕತ್ತಲ್ಲಿ ಯಾರಿಗೆ ಬೇಕು ಮಾರಾಯ್ತಿ? ಅವರು ಕೇಳಿದ್ದು ಸೌತೆ. ಚೌತಿಯ ಊಟಕ್ಕೆ ಶೀನಣ್ಣನ ಸೌತೆಯ ಕೊದ್ದೆಲು ಅಂತ ಸುಧಾಕರಣ್ಣ ಎಲ್ಲರಿಗೂ ಹೇಳಿ ಆಗಿದೆ."

"ಹೇಳಿದ್ದು ಯಾರು? ನೀವಾ, ಅವರಾ?"

ಅಪ್ಪ ಕುಣಿಕೆಗೆ ಕೈ ಹಾಕಿದರು.

"ಅದು ಬೀಜದ್ದು. ನಾಡಿದ್ದು ಬಿತ್ತುವುದು. ನಾಳೆ ನೀರಿನ ಪಾಳಿ ಉಂಟು ನಮಗೆ, ಸಾಲು ಹದ ಮಾಡ್ಬೇಕು. ಮುಟ್ಬೇಡಿ" ಎಂದಳು ಅಮ್ಮ. ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತೆಂದು ಈಗ ಅನ್ನಿಸುತ್ತದೆ.

"ಕೊದ್ದೆಲಿಗೆ ಹಾಕುದು ಹೋಳು. ತಿರುಳು ಬೀಜ ಅವರಿಗೆ ಬೇಕಾ? ಬಿಸಾಡುದೇ ಅಲ್ವಾ? ಅದನ್ನೆಲ್ಲ ಡಬ್ಬಿಗೆ ತುಂಬಿಸಿ ನಾಳೆ ಸಂಜೆಯೊಳಗೆ ನಿನ್ನ ಕೈಗೆ ಕೊಟ್ರೆ ಆಯ್ತಲ್ಲ. ಶೈಲ ಬರ್ತಾಳೆ ನನ್ನೊಟ್ಟಿಗೆ, ಅವಳೇ ತರ್ತಾಳೆ. ಅವರಿಗೆ ಸೌತೆಯೂ ಆಯ್ತು, ನಿನಗೆ ಬೀಜವೂ ಆಯ್ತು."

ಕೇಳಲಿಕ್ಕೆ ಎಷ್ಟು ಚೆಂದ ಇತ್ತು! ಅಮ್ಮ ಅಪ್ಪನನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ನೋಡಿದಳು. ಆಮೇಲೆ ಕುಣಿಕೆಗಳನ್ನು ತಾನೇ ಬಿಚ್ಚಿದಳು, ಅಪ್ಪ ಎಳೆದರೆ ತೊಟ್ಟು ಮುರಿದೀತೆಂಬ ಹೆದರಿಕೆಗೆ. ಒಂದನ್ನಾದರೂ ಇಟ್ಟುಕೊಳ್ಳುತ್ತೇನೆ ಎಂದಳು. ಒಂದೊಂದು ಕಾಯಿಯೂ ಬೇಕು, ಊಟಕ್ಕೆ ಅಷ್ಟು ಜನ ಎಂದರು ಅಪ್ಪ. ಅಲ್ಲಿಗೆ ಎಲ್ಲವೂ ಗೋಣಿಚೀಲ ಸೇರಿದವು.

ಬೆಳಿಗ್ಗೆ ಪಿಕಪ್ಪು ಹತ್ತುವಾಗ ಅಮ್ಮ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯೊಂದನ್ನು ನನ್ನ ಮಡಿಲಲ್ಲಿ ಇಟ್ಟಳು. ಅವಳು ಬರುವಂತಿರಲಿಲ್ಲ. ನಮ್ಮ ತೋಟಕ್ಕೆ ನೀರು ಬರುತ್ತಿದ್ದದ್ದು ಫಲಜಿನಿಂದ, ಬೆಟ್ಟದ ಬುಡದಿಂದ ಊರಿಗೆಲ್ಲ ಹರಿದುಬರುವ ಹಳೆಯ ಕಾಲುವೆಯಿಂದ. ಒಂದೊಂದು ತೋಟಕ್ಕೆ ಒಂದೊಂದು ಪಾಳಿ. ಪಾಳಿ ತಪ್ಪಿಸಿಕೊಂಡರೆ ನೀರು ಪಕ್ಕದವನ ತೋಟಕ್ಕೆ ಹೋಗುತ್ತದೆ, ಅತ್ತರೂ ವಾಪಸು ಬರುವುದಿಲ್ಲ. ಅವಳ ಸೀರೆ ಆಗಲೇ ಮೊಣಕಾಲಿಗೆ ಎತ್ತಿ ಕಟ್ಟಿತ್ತು.

"ಕೊಯ್ಯುವವರ ಹತ್ತಿರವೇ ಕೂತ್ಕೊ. ತೊಳೀಬೇಡ, ತಿರುಳಿನ ಸಮೇತ ತುಂಬಿಸು. ಡಬ್ಬಿ ಕೈಯಿಂದ ಬಿಡ್ಬೇಡ, ಗೊತ್ತಾಯ್ತಾ?"

ನನಗೆ ಗೊತ್ತಾಗಿತ್ತು. ನಾನು ಬಿಡಲೂ ಇಲ್ಲ. ಮಸ್ಕತ್ತಿನ ಪೂಜೆಯ ಹಾಲ್‌ನ ಹಿಂದಿನ ಅಡುಗೆಕೋಣೆಯಲ್ಲಿ ಹೆಂಗಸರು ಸಾಲಾಗಿ ಕೂತು ಹೆಚ್ಚುತ್ತಿದ್ದರು. ಅಪ್ಪ ಗೋಣಿ ಇಳಿಸಿದಾಗ ಚಪ್ಪಾಳೆಯೇ ಬಿತ್ತು. ನಾನು ಸುಧಾಕರ ಮಾಮನ ಹೆಂಡತಿ ಶಶಿ ಮಾಮಿಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಬೀಜ ಬೇಕು ಮಾಮಿ ಎಂದೆ. ಆಗಲಿ ಎಂದರು. ಮೊದಲ ಕಾಯಿ ಸೀಳಿದಾಗ ಆ ಪರಿಮಳ ಎದ್ದಿತು. ಒಬ್ಬಳು ಕೈ ನಿಲ್ಲಿಸಿ ಹೋಳನ್ನು ಮೂಗಿಗೆ ಹಿಡಿದು ಅಳುವಂತಾದಳು. ಅಷ್ಟರಲ್ಲಿ ಮಾಮಿ ನನ್ನ ಹೊಸ ಲಂಗ ನೋಡಿದರು.

"ಅಯ್ಯೋ, ಬಟ್ಟೆಯೆಲ್ಲ ಕಲೆ ಆಗ್ತದೆ! ಸ್ಟೇಜಿಗೆ ಹತ್ಲಿಕ್ಕುಂಟಲ್ಲ ನಿನಗೆ ಅಪ್ಪನೊಟ್ಟಿಗೆ? ಹೋಗು, ಮಕ್ಕಳೊಟ್ಟಿಗೆ ಕೂತ್ಕೊ. ನಾನು ತೆಗ್ದಿಡ್ತೇನೆ."

"ಅಮ್ಮ ಇಲ್ಲೇ ಕೂತ್ಕೊಳ್ಳಿಕ್ಕೆ ಹೇಳಿದ್ದಾರೆ ಮಾಮಿ."

"ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ? ನಾವೆಂತ ಬೀಜ ತಿಂತೇವಾ?" ಎಲ್ಲರೂ ನಕ್ಕರು. ಮಾಮಿ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಮ್ಮ ಹತ್ತಿರ ಇಟ್ಟುಕೊಂಡರು. ಹಿರಿಯರ ಕೈಯಿಂದ ಎಳೆದುಕೊಳ್ಳುವುದನ್ನು ಯಾವ ಮಗುವಿಗೆ ಕಲಿಸಿದ್ದಾರೆ ನಮ್ಮಲ್ಲಿ?

ಪೂಜೆ ಮುಗಿದು ಭಾಷಣ ಶುರುವಾದಾಗ ನಾನು ಅಡುಗೆಕೋಣೆಗೆ ಓಡಿದೆ. ನೆಲ ತೊಳೆದಾಗಿತ್ತು. ಕೊದ್ದೆಲು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ನನ್ನ ಡಬ್ಬಿ ಬಡಿಸುವ ಸಾಮಾನಿನ ನಡುವೆ ಇತ್ತು. ಮುಚ್ಚಳ ತೆಗೆದರೆ ಒಳಗೆ ಮಾವಿನಕಾಯಿ ಉಪ್ಪಿನಕಾಯಿ.

"ಓ, ಅದು ನಿನ್ನದಾ? ಉಪ್ಪಿನಕಾಯಿಗೆ ಪಾತ್ರೆ ಸಾಲಲಿಲ್ಲ ಮಗಾ. ಬೀಜದ್ದು ಅಲ್ಲಿ ಕಸದೊಟ್ಟಿಗೆ ಹೋಯ್ತು ಕಾಣ್ತದೆ. ಈಗ ಪ್ಯಾಕೆಟಲ್ಲಿ ಸಿಗ್ತದಲ್ಲ, ಅಪ್ಪನಿಗೆ ಹೇಳು" ಎಂದರು ಶಶಿ ಮಾಮಿ. ಕೆಟ್ಟವರಲ್ಲ ಅವರು. ಅದೇ ಇನ್ನೂ ಸಿಟ್ಟು ಬರಿಸುವುದು. ಕೆಟ್ಟತನ ಇದ್ದಿದ್ದರೆ ಬೈದು ಬಿಡಬಹುದಿತ್ತು.

ಹಾಲ್‌ನ ಹಿಂಬದಿಯಲ್ಲಿ ಕಸದ ಡ್ರಮ್ಮು ಇತ್ತು. ಕರಿ ಚೀಲಗಳನ್ನು ಒಂದೊಂದಾಗಿ ಹರಿದೆ. ಚಹಾದ ಗಸಿ, ಕಾಯಿಯ ನಾರು, ಬಾಳೆಹಣ್ಣಿನ ಸಿಪ್ಪೆ, ಅದರಡಿಯಲ್ಲಿ ಆ ಪರಿಮಳ. ಬಿಸಿಲಿಗೆ ಚೀಲದೊಳಗೆ ಎಲ್ಲ ಬೆಂದ ಹಾಗಾಗಿತ್ತು. ಆದರೂ ತಿರುಳು ಸಿಕ್ಕಿತು, ಒಂದು ಮುಷ್ಟಿಯಷ್ಟು. ಅಷ್ಟು ಸಾಕಿತ್ತು. ಒಂದು ಮುಷ್ಟಿಯಲ್ಲಿ ಎಷ್ಟು ಬಳ್ಳಿ ಏಳುತ್ತದೆಂದು ನಮ್ಮ ಮನೆಯ ಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಳಗೆ ಮೈಕಿನಲ್ಲಿ ಅಪ್ಪನ ಹೆಸರು ಕರೆಯುತ್ತಿದ್ದರು, ಕುಟುಂಬ ಸಮೇತ ವೇದಿಕೆಗೆ ಬರಬೇಕೆಂದು. ಅಪ್ಪ ನನ್ನನ್ನು ಹುಡುಕುತ್ತ ಹಿಂಬಾಗಿಲಿಗೆ ಬಂದರು. ಅವರ ಹಿಂದೆ ಕ್ಯಾಮರಾ ಹಿಡಿದವನೊಬ್ಬ, ಇನ್ನಿಬ್ಬರು ಟೈ ಕಟ್ಟಿದವರು. ಕಸದಲ್ಲಿ ಮೊಣಕೈಯವರೆಗೆ ಕೈ ಹಾಕಿ ನಿಂತ ಮಗಳು! ಅಪ್ಪನ ಮುಖ ಕಪ್ಪಿಟ್ಟಿತು.

"ಎಂತ ಇದು? ನಾಲ್ಕು ಜನರ ಎದುರು ಮಾನ ತೆಗೀತೀಯಾ? ಬಾ ಇಲ್ಲಿ."

"ಅಪ್ಪಾ, ಬೀಜ. ಸಿಕ್ಕಿತು. ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕಿದ್ದಾರೆ, ಬೇರೆ ಎಂತಾದ್ರೂ ಕೊಡಿ."

ಅವರು ನನ್ನ ರಟ್ಟೆ ಹಿಡಿದು ಗೋಡೆಯ ನಲ್ಲಿಯ ಹತ್ತಿರ ಎಳೆದುಕೊಂಡು ಹೋದರು. ನಾನು ಮುಷ್ಟಿ ಬಿಗಿ ಹಿಡಿದಿದ್ದೆ. ನಲ್ಲಿ ತಿರುಗಿಸಿದರು. "ಬಿಡು" ಎಂದರು. ನಾನು ಬಿಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಹೆಬ್ಬೆರಳನ್ನು ಕೊನೆಗೆ. ನೀರಿಗೆ ತಿರುಳು ಜಾರಿತು, ಬೀಜಗಳು ಬಿಳಿಬಿಳಿಯಾಗಿ ತೇಲಿ ಮೋರಿಯ ಜಾಲರಿಯೊಳಗೆ ಹೋದವು.

"ಬೀಜ ಅಂಗಡಿಯಲ್ಲಿ ಸಿಗ್ತದೆ" ಎಂದರು ಅಪ್ಪ. ಅಂಗಡಿಯ ಬೀಜವನ್ನು ಬೇವರ್ಸಿ ಬೀಜ ಎಂದು ಶುಕ್ರವಾರ ಶುಕ್ರವಾರ ಬೈಯುತ್ತಿದ್ದ ಅದೇ ಬಾಯಿ. ತಮ್ಮ ಕರ್ಚೀಫಿನಿಂದ ನನ್ನ ಕೈ ಒರೆಸಿದರು, ಪೂರ್ತಿ ಒಣಗಲು ಸಮಯವಿರಲಿಲ್ಲ. ಆ ಫೋಟೋ ಇವತ್ತಿಗೂ ನಮ್ಮಲ್ಲಿ ಉಂಟು. ಅಪ್ಪನಿಗೆ ಶಾಲು, ಹಾರ, ಸೆಲ್ಲೋಫೇನು ಸುತ್ತಿದ ಹಣ್ಣಿನ ಬುಟ್ಟಿ. ಪಕ್ಕದಲ್ಲಿ ನಾನು, ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು. ಊರಿನ ರುಚಿಯನ್ನು ಮರಳುಗಾಡಿನಲ್ಲಿ ಉಳಿಸಿದವರು ಎಂದು ಸುಧಾಕರ ಮಾಮ ಮೈಕಿನಲ್ಲಿ ಹೇಳಿದರು. ಊಟಕ್ಕೆ ಕೂತಾಗ ಕೊದ್ದೆಲು ನನ್ನ ಎಲೆಗೂ ಬಂತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಪಾತ್ರೆಯ ಮೇಲಿನಿಂದ, ಒಳ್ಳೊಳ್ಳೆಯ ಹೋಳು. ನಾನು ಅವನ್ನು ಎಲೆಯ ಅಂಚಿಗೆ ಸರಿಸಿದೆ.

ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಅಮ್ಮ ಒಬ್ಬಳೇ ಪಾಳಿಯ ನೀರನ್ನು ಕಲ್ಲು, ಚಿಂದಿ ಬಟ್ಟೆ ಅಡ್ಡ ಕೊಟ್ಟು ಸಾಲುಸಾಲಿಗೆ ತಿರುಗಿಸಿದ್ದಳು. ಆಡಿನ ಗೊಬ್ಬರ, ಬೂದಿ ಬೆರೆಸಿದ ಮಣ್ಣು ನೆನೆದು ಕಪ್ಪಾಗಿ ಕೂತಿತ್ತು, ಬೆರಳು ಊರಿದರೆ ಬೀಜಕ್ಕೆ ಗುಳಿಯಾಗುವಷ್ಟು ಹದ. ಅವಳ ಕಾಲಿಗೆ ಮೊಣಕಾಲಿನವರೆಗೆ ಕೆಸರು. ಅಪ್ಪ ಹಣ್ಣಿನ ಬುಟ್ಟಿ ಮುಂದೆ ಹಿಡಿದರು.

"ನೋಡು, ಸೇಬು. ಅಮೆರಿಕದ್ದಂತೆ."

ಅಮ್ಮ ನನ್ನ ಕಡೆ ಕೈ ಚಾಚಿದಳು. ನಾನು ಡಬ್ಬಿ ಕೊಟ್ಟೆ. ತೆಗೆದು ನೋಡಿ, ಮೂಸಿ, ಮುಚ್ಚಿದಳು. ನಾನು ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ, ನಲ್ಲಿಯ ವಿಷಯವನ್ನೂ. ಅಪ್ಪ ತಡೆಯಲಿಲ್ಲ. ಅಮ್ಮ ನನ್ನನ್ನು ಬೈಯಲಿಲ್ಲ, ಅವರನ್ನೂ ಬೈಯಲಿಲ್ಲ. ಬುಟ್ಟಿ ತೆಗೆದುಕೊಂಡು ಹೋಗಿ ಸೆಲ್ಲೋಫೇನು ಬಿಚ್ಚಿ ಸೇಬುಗಳನ್ನು ಅರ್ಬಾಬನ ಆಡುಗಳಿಗೆ ಹಾಕಿದಳು. ಹರೀಶ ಒಂದು ಸೇಬಿಗೆಂದು ಅತ್ತ. ಅವನಿಗೂ ಕೊಡಲಿಲ್ಲ.

ಮರುದಿನ ಅಪ್ಪ ಪೇಟೆಗೆ ಹೋಗಿ ಪ್ಯಾಕೆಟ್ ಬೀಜ ತಂದರು. ಇಸ್ಮಾಯಿಲ್ ಬ್ಯಾರಿ ತಮಾಷೆ ಮಾಡಿದ್ದನ್ನು ಜೊತೆಗೆ ಹೋಗಿದ್ದ ನಾನೇ ಕೇಳಿದೆ: "ಎಂತ ಶೀನಣ್ಣ, ನಿಮಗೆ ಪ್ಯಾಕೆಟ್ ಬೀಜವಾ? ಇವತ್ತು ಸೂರ್ಯ ಪಡುವಣದಲ್ಲಿ ಹುಟ್ಟಿದ್ನಾ?" ಬೀಜಕ್ಕೆ ಯಾವುದೋ ಮದ್ದು ಬಳಿದಿದ್ದರು, ಗುಲಾಬಿ ಬಣ್ಣ. ಅಮ್ಮ ಹದ ಮಾಡಿದ್ದ ಸಾಲಿನಲ್ಲಿ ಅಪ್ಪ ಒಬ್ಬರೇ ಕೂತು ಊರಿದರು. ಎದ್ದಾಗ ಬೆರಳುಗಳೆಲ್ಲ ಗುಲಾಬಿ. ಅಮ್ಮ ಚೊಂಬಿನಲ್ಲಿ ನೀರು ತಂದು ನಿಂತಳು.

"ಕೈ ತೊಳ್ಕೊಳ್ಳಿ. ವಿಷ ಉಂಟು" ಎಂದಳು. ಅಪ್ಪ ನನ್ನ ಮುಖ ನೋಡಿ, ತಲೆ ತಗ್ಗಿಸಿ ಕೈಯೊಡ್ಡಿದರು.

ಆ ಚಳಿಗಾಲದಲ್ಲಿ ಸೌತೆ ರಾಶಿ ರಾಶಿ ಬಂತು. ಹಳದಿ, ನುಣುಪು, ನೋಡಲು ಚೆಂದವೋ ಚೆಂದ. ಕುದಿಸಿದರೆ ಹೋಳು ನೀರಾಗಿ ಸಾರಿಗೆ ಸೇರಿಹೋಗುತ್ತಿತ್ತು. ಮೊದಲ ಶುಕ್ರವಾರ ಕಾರುಗಳು ಬಂದಾಗ, ಈಗ ಗೊತ್ತಾಗುತ್ತದೆ ಇವರಿಗೆ, ಈಗ ಕೇಳುತ್ತಾರೆ, ಅಪ್ಪ ಏನು ಹೇಳುತ್ತಾರೋ ನೋಡೋಣ ಎಂದು ಬಾಗಿಲ ಮರೆಯಲ್ಲಿ ಕಾದು ನಿಂತೆ. ಅಮ್ಮ ಅಂದು ಎಂದೂ ಮಾಡದ ಒಂದು ಕೆಲಸ ಮಾಡಿದಳು. ಕೊದ್ದೆಲಿನ ಮೊದಲ ಸೌಟನ್ನು ಬಂದವರಿಗೆ ಹಾಕದೆ ಅಪ್ಪನ ತಟ್ಟೆಗೆ ಹಾಕಿದಳು. "ಬಂದವರಿಗೆ ಮೊದಲು ಬಡಿಸು" ಎಂದರು ಅಪ್ಪ. "ನೀವು ರುಚಿ ನೋಡಿ ಹೇಳಿ" ಎಂದು ಸೌಟು ಹಿಡಿದು ಅಲ್ಲೇ ನಿಂತಳು. ಅಪ್ಪ ಒಂದು ತುತ್ತು ತಿಂದರು. ಆಮೇಲೆ ತಟ್ಟೆ ನೋಡುತ್ತ ಪೂರ್ತಿ ಉಂಡರು. ಸುಧಾಕರ ಮಾಮ ಬೆರಳು ನೆಕ್ಕಿ, "ಶೀನಣ್ಣ, ಊರಿನ ರುಚಿ ಅಂದ್ರೆ ಇದು!" ಎಂದರು. ಜಮಖಾನೆಯ ಮೇಲೆ ಕೂತ ಎಲ್ಲರೂ ಹೌದು ಹೌದು ಎಂದರು. ನಾನು ಅಂದು ಅಡುಗೆಮನೆಯಲ್ಲಿ ಅತ್ತಷ್ಟು ಆ ನಲ್ಲಿಯ ಹತ್ತಿರವೂ ಅತ್ತಿರಲಿಲ್ಲ. ಯಾರ ನಾಲಿಗೆಗಾಗಿ ನಾವು ನಾರು ಬೆಂಡೆ ತಿಂದೆವೋ ಆ ನಾಲಿಗೆಗಳಿಗೆ ರುಚಿಯೇ ಗೊತ್ತಿರಲಿಲ್ಲ!

ಆಮೇಲೆ ಪ್ರತಿ ಶುಕ್ರವಾರವೂ ಕೊದ್ದೆಲು, ಪ್ರತಿ ಸಲವೂ ಮೊದಲ ಸೌಟು ಅಪ್ಪನಿಗೆ. ಅಮ್ಮ ಮಾತ್ರ ಸೌತೆಯನ್ನು ಬಾಯಿಗಿಡಲಿಲ್ಲ. ಅರ್ಬಾಬ್ ತೀರಿಕೊಂಡ ಮೇಲೆ ಅವನ ಮಕ್ಕಳು ತೋಟದಲ್ಲಿ ಈಜುಕೊಳ ಕಟ್ಟಿಸಿ ಬಾಡಿಗೆಗೆ ಕೊಡುವುದೆಂದು ತೀರ್ಮಾನ ಮಾಡಿದರು, ನಮ್ಮದು ಖಲಾಸ್. ಹೊರಡುವ ವಾರ ಒಂದು ಕಾರೂ ಬರಲಿಲ್ಲ. ನಮ್ಮವರು ಶುಕ್ರವಾರಕ್ಕೆ ಬೇರೆ ಜಾಗ ನೋಡಿಕೊಂಡಿದ್ದರು. ನನ್ನ ಬಗ್ಗೆ ಹೇಳುವುದಾದರೆ, ನನ್ನ ಮನೆಯಲ್ಲಿ ಒಳ್ಳೆಯದು ಏನೇ ಬಂದರೂ ಮೊದಲು ನನ್ನ ಮಕ್ಕಳ ತಟ್ಟೆಗೆ. ನೆಂಟರು ಬಾಗಿಲಲ್ಲಿ ನಿಂತಿದ್ದರೂ ಸರಿಯೇ. ಜಿಪುಣಿ ಎನ್ನುತ್ತಾರೆ, ಎನ್ನಲಿ. ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಹೊಗಳಿಕೆ ಕೇಳಿ ಅರಳುವವರನ್ನು ಕಂಡರೆ ಅದಕ್ಕಿಂತ ಆಗುವುದಿಲ್ಲ.

ಈಗ ಅಪ್ಪ ಅಮ್ಮ ಚಳಿಗಾಲದಲ್ಲಿ ವಿಸಿಟ್ ವೀಸಾದ ಮೇಲೆ ಮಸ್ಕತ್ತಿನ ನಮ್ಮ ಫ್ಲ್ಯಾಟಿಗೆ ಬಂದಿರುತ್ತಾರೆ. ಕಳೆದ ಸಲ ಸುಧಾಕರ ಮಾಮ ಕೋಲೂರಿಕೊಂಡು ನೋಡಲು ಬಂದರು. ಶಶಿ ಮಾಮಿ ಈಗಿಲ್ಲ. ಅಮ್ಮ ಊಟಕ್ಕೆ ನಿಲ್ಲಿಸಿಕೊಂಡಳು. ಅಂಗಡಿಯ ಸೌತೆ, ಕೊದ್ದೆಲು.

"ಈಗ ಮಾಲ್‌ನಲ್ಲಿ ಆರ್ಗ್ಯಾನಿಕ್ ಅಂತ ಚೀಟಿ ಅಂಟಿಸಿ ಎಂತೆಂತದ್ದೋ ಇಡ್ತಾರೆ ಅಕ್ಕಾ. ನಿಮ್ಮ ತೋಟದ ಸೌತೆ ಉಂಟಲ್ಲ, ಅದರ ರುಚಿ ಇನ್ನೂ ನಾಲಿಗೆಯಲ್ಲೇ ಉಂಟು ನನಗೆ" ಎಂದರು.

"ಯಾವುದರದ್ದು? ಮೊದಲಿನದ್ದರದ್ದಾ, ಆಮೇಲಿನದ್ದರದ್ದಾ?" ಎಂದು ಕೇಳಿದಳು ಅಮ್ಮ.

"ಮೊದಲಿನದ್ದು ಆಮೇಲಿನದ್ದು ಅಂತ ಉಂಟಾ? ಎಲ್ಲ ಒಂದೇ ಅಲ್ವಾ ಅಕ್ಕಾ!" ಎಂದು ನಕ್ಕರು.

"ಹೌದು, ಒಂದೇ" ಎಂದಳು ಅಮ್ಮ.

ಅವರನ್ನು ಲಿಫ್ಟಿನವರೆಗೆ ಬಿಟ್ಟು ನಾನು ಒಳಗೆ ಬಂದಾಗ ಅಪ್ಪ ಇನ್ನೂ ಮೇಜಿನ ಮುಂದೆಯೇ ಇದ್ದರು. ಅವರಿಗೀಗ ಊಟ ನಿಧಾನ. ತಟ್ಟೆಯಲ್ಲಿ ಬೆರಳಾಡಿಸುತ್ತ, ಯಾರನ್ನೂ ನೋಡದೆ ಹೇಳಿದರು:

"ನನಗೆ ಗೊತ್ತಾಗಿತ್ತು ಕಮಲಾ. ಮೊದಲನೇ ತುತ್ತಿಗೇ ಗೊತ್ತಾಗಿತ್ತು."

ಅಷ್ಟು ವರ್ಷಗಳಲ್ಲಿ ಅವರು ಆ ವಿಷಯ ಎತ್ತಿದ್ದು ಅದೇ ಮೊದಲು. ಅಮ್ಮ ಮೇಜು ಒರೆಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಿಮಗೆ ಗೊತ್ತಾಗಿದೆ ಅಂತ ನನಗೆ ಅವತ್ತೇ ಗೊತ್ತು. ಅದಕ್ಕೇ ವಾರ ವಾರ ಅದನ್ನೇ ಮಾಡಿ ಬಡಿಸಿದ್ದು" ಎಂದಳು. ಆಮೇಲೆ ಬಟ್ಟೆ ಪಕ್ಕಕ್ಕಿಟ್ಟು, ಕೊದ್ದೆಲಿನ ಪಾತ್ರೆ ಹತ್ತಿರ ಎಳೆದುಕೊಂಡು ಕೇಳಿದಳು: "ಇನ್ನೊಂದು ಸೌಟು ಹಾಕ್ಲಾ?"

ಅಪ್ಪ ತಟ್ಟೆ ಮುಂದೆ ಮಾಡಿದರು.